ಖಾಲಿ ಮರಳದ ಡಬ್ಬಿ

ಮಿಶಿಗನ್‌ನ ಮನೆಯನ್ನು ಮಾರಿ 2021ರ ಸೆಪ್ಟೆಂಬರಿನಲ್ಲಿ ಆರ್‌ವಿ ಎಂಬ ಓಡಾಡುವ ಮನೆಯನ್ನು ಏರಿದ ಮೇಲೆ ಮೊದಲ ಐದು ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅರವತ್ತಕ್ಕಿಂತ ಹೆಚ್ಚು ಕಡೆ ತಂಗಿದೆವು. ಅಷ್ಟೂ ಕಡೆಗಳಲ್ಲಿ, ಮರುದಿನ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾದವರು ಒಬ್ಬರೂ ಇರಲಿಲ್ಲ. ಮೂವತ್ತೊಂದು ವರ್ಷ ಕಾರು ಉದ್ಯಮದ ವಿನ್ಯಾಸ ವಿಭಾಗದಲ್ಲಿ ದುಡಿದವನಿಗೆ ಪ್ರಯಾಣವೂ ಒಂದು ಪ್ರಾಜೆಕ್ಟಿನಂತೆಯೇ ಕಂಡಿತ್ತು. ಯಾವ ದಿನ ಎಷ್ಟು ಮೈಲಿ, ಎಲ್ಲಿ ಇಂಧನ, ಎಲ್ಲಿ ನೀರು, ಎಲ್ಲಿ ಟ್ಯಾಂಕ್ ಖಾಲಿ ಮಾಡುವುದು ಎಂಬುದನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಮಿಸಿಸಿಪ್ಪಿಯಿಂದ ನ್ಯಾಶ್‌ವಿಲ್‌ವರೆಗೆ 444 ಮೈಲಿ ಸಾಗುವ, ಲಾರಿಗಳಿಗೆ ಪ್ರವೇಶವೇ ಇಲ್ಲದ ನ್ಯಾಚೆಜ್ ಟ್ರೇಸ್ ಪಾರ್ಕ್‌ವೇಯನ್ನು ಎರಡೇ ದಿನಗಳಲ್ಲಿ ಮುಗಿಸಿ ಹೆಮ್ಮೆಪಟ್ಟಿದ್ದೆ. ಆ ದಾರಿಯಲ್ಲಿ ಬಿಡಿಗಾಸನ್ನೂ ಕೊಡದೆ ಆಗ ತಂಗಬಹುದಾಗಿದ್ದ ಮೂರು ಕ್ಯಾಂಪ್‌ಗ್ರೌಂಡ್‌ಗಳಿದ್ದವು. ಒಂದರಲ್ಲಿ ಕತ್ತಲಾದ ಮೇಲೆ ನಿಲ್ಲಿಸಿ ಬೆಳಕು ಹರಿಯುವ ಮೊದಲೇ ಹೊರಟೆವು. ಪಕ್ಕದಲ್ಲಿ ಯಾರಿದ್ದರೆಂದು ಇಂದಿಗೂ ಗೊತ್ತಿಲ್ಲ.

ನಮ್ಮದು ಇಪ್ಪತ್ತೊಂಬತ್ತು ಅಡಿ ಉದ್ದದ, ಬೇರೊಬ್ಬರು ಬಳಸಿ ಮಾರಿದ ಕ್ಲಾಸ್ ಸಿ ಬಂಡಿ. ಚಾಲಕನ ತಲೆಯ ಮೇಲೆ ಮಲಗುವ ಅಟ್ಟವಿರುವ ಮಾದರಿ. ಕೊಂಡ ಮೊದಲ ವಾರವೇ ಮೇಲ್ಛಾವಣಿ ಸೋರಿತು. ಮಾರಿದ ಅಂಗಡಿಯವರು ಕೈಯೆತ್ತಿದ್ದರಿಂದ ನಾನೇ ಏಣಿ ಹತ್ತಿ ಸಂದುಗಳಿಗೆಲ್ಲ ಸೀಲಂಟ್ ಬಳಿದೆ. ಟೈರಿನ ವಿಷಯದಲ್ಲಿಯೂ ಹಾಗೆಯೇ: ಸವೆತ ನೋಡಿ ಕೊಂಡಿದ್ದೆನೇ ಹೊರತು ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ ಎಂಬುದನ್ನು ಗಮನಿಸಿರಲಿಲ್ಲ. ನಿಂತೇ ಇರುವ ಬಂಡಿಯ ಟೈರು ಸವೆಯುವುದಕ್ಕೆ ಮೊದಲೇ ಮುಪ್ಪಾಗುತ್ತದೆ. ಆರೂ ಟೈರುಗಳನ್ನು ಬದಲಿಸಬೇಕಾಯಿತು.

ಮನೆಯಿಲ್ಲದವರಿಗೂ ಕಾನೂನಿನ ಕಣ್ಣಿಗೆ ಒಂದು ವಿಳಾಸ ಬೇಕು. ಚಾಲನಾ ಪರವಾನಗಿ, ವಿಮೆ, ಮತದಾನ, ತೆರಿಗೆ ಎಲ್ಲವೂ ಅದಕ್ಕೇ ಅಂಟಿಕೊಂಡಿರುತ್ತವೆ. ನಾವು ಟೆಕ್ಸಾಸ್‌ನ ಲಿವಿಂಗ್‌ಸ್ಟನ್ ಊರಿನ ಎಸ್ಕೇಪೀಸ್ ಕ್ಲಬ್ಬಿಗೆ ಸೇರಿ ಅಲ್ಲಿಯ ಅಂಚೆ ವಿಳಾಸವನ್ನು ಪಡೆದೆವು. 1978ರಲ್ಲಿ ಜೋ ಮತ್ತು ಕೇ ಪೀಟರ್‌ಸನ್ ದಂಪತಿಗಳು ಆರಂಭಿಸಿದ ಈ ಕ್ಲಬ್ಬು ಸದಸ್ಯರ ಪತ್ರಗಳನ್ನು ಅವರು ಹೇಳಿದ ಊರಿಗೆ ಕಳಿಸಿಕೊಡುತ್ತದೆ. ಅದೇ ಆವರಣದಲ್ಲಿ ಕೇರ್ ಎಂಬ ಇನ್ನೊಂದು ವ್ಯವಸ್ಥೆಯಿದೆ: ವಯಸ್ಸಿನಿಂದಲೋ ಕಾಯಿಲೆಯಿಂದಲೋ ಬಂಡಿ ಓಡಿಸಲಾಗದವರು ತಮ್ಮ ಬಂಡಿಯನ್ನು ಅಲ್ಲಿ ನಿಲ್ಲಿಸಿ, ಅದರಲ್ಲಿಯೇ ವಾಸಿಸುತ್ತ, ಊಟ ಮತ್ತು ಆರೈಕೆಯನ್ನು ಪಡೆಯುತ್ತಾರೆ. ಮೊದಲ ಸಲ ಅಲ್ಲಿಗೆ ಹೋದಾಗ ನಾನು ಕಾಗದಗಳಿಗೆ ಸಹಿ ಹಾಕಿ ಎರಡನೆಯ ದಿನವೇ ಹೊರಟೆ. ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಒಬ್ಬ ಮುದುಕರು ಕೈಬೀಸಿ ಕರೆದಿದ್ದರು. ಹೋಗಬೇಕಾದ ದೂರ ಬಹಳವಿದೆ ಎಂದು ಸನ್ನೆ ಮಾಡಿ ತಪ್ಪಿಸಿಕೊಂಡೆ. ಆ ಸನ್ನೆಯನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ಬದಲಾವಣೆ ಬಂದದ್ದು 2022ರ ಮಾರ್ಚಿನಲ್ಲಿ, ನ್ಯೂ ಮೆಕ್ಸಿಕೋದ ಡೆಮಿಂಗ್ ಬಳಿಯ ಒಂದು ಆರ್‌ವಿ ಪಾರ್ಕಿನಲ್ಲಿ. ಅದೂ ಹೇಳಿಕೊಳ್ಳಲು ನಾಚಿಕೆಯಾಗುವ ರೀತಿಯಲ್ಲಿ. ಆರ್‌ವಿಯಲ್ಲಿ ಸ್ನಾನದ ಮತ್ತು ಪಾತ್ರೆ ತೊಳೆದ ನೀರು ಗ್ರೇ ಟ್ಯಾಂಕಿಗೆ ಹೋಗುತ್ತದೆ, ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ. ಹೇಗೂ ಪಾರ್ಕಿನ ಒಳಚರಂಡಿಗೆ ಕೊಳವೆ ಜೋಡಿಸಿದ್ದೇವಲ್ಲ, ದಿನವೂ ತೆರೆದು ಮುಚ್ಚುವ ಗೋಜೇಕೆ ಎಂದು ನಾನು ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ಹತ್ತು ದಿನ ತೆರೆದೇ ಇಟ್ಟಿದ್ದೆ. ದ್ರವವೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಒಳಗೆ ಗೋಪುರದಂತೆ ರಾಶಿ ಬಿದ್ದಿತು. ವಾಸನೆ ಬಂಡಿಯನ್ನು ತುಂಬಿತು. ನಾನು ಮೂರು ದಿನ ಯೂಟ್ಯೂಬ್ ನೋಡುತ್ತ ರಸಾಯನಗಳನ್ನು ಸುರಿದೆ. ನಾಲ್ಕನೆಯ ದಿನ ಹೆಂಡತಿ, "ರೀ, ಪಕ್ಕದವರನ್ನು ಕೇಳಿ ಬನ್ನಿ. ಇಲ್ಲದಿದ್ದರೆ ನಾನೇ ಕೇಳುತ್ತೇನೆ" ಎಂದಳು. ಎಂಜಿನಿಯರ್ ಆದವನು ಶೌಚದ ವಿಷಯವನ್ನು ಅಪರಿಚಿತರ ಬಾಗಿಲಿಗೆ ಒಯ್ಯುವುದೇ ಎಂಬ ಸಂಕೋಚ ನನಗೆ. ಬಾಗಿಲು ತಟ್ಟಿದವಳು ಅವಳೇ.

ಪಕ್ಕದ ಟ್ರೇಲರಿನಲ್ಲಿದ್ದವರು ಕೆನಡಾದ ಸಸ್ಕಾಚೆವಾನ್‌ನಿಂದ ಚಳಿ ಕಳೆಯಲು ಬಂದಿದ್ದ, ಎಪ್ಪತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ ಮತ್ತು ಅವರ ಪತಿ. ಆಕೆ ನಗಲಿಲ್ಲ. ವಾಲ್ವನ್ನು ಮುಚ್ಚಿಸಿ, ಟ್ಯಾಂಕಿಗೆ ಮುಕ್ಕಾಲು ಭಾಗ ನೀರು ತುಂಬಿಸಿ, ಗುಂಡಿಗಳಿರುವ ಹಳ್ಳಿ ರಸ್ತೆಯಲ್ಲಿ ಆರೇಳು ಮೈಲಿ ಓಡಿಸಿಕೊಂಡು ಬರಲು ಹೇಳಿದರು. ಕುಲುಕಾಟಕ್ಕೆ ಕರಗಿದ್ದು ಕರಗಲಿ, ಉಳಿದದ್ದಕ್ಕೆ ಒಂದು ರಾತ್ರಿ ನೆನೆಯಲು ಬಿಟ್ಟು ನಾಳೆ ಮತ್ತೆ ಮಾಡೋಣ ಎಂದರು. ಬ್ಲ್ಯಾಕ್ ಟ್ಯಾಂಕನ್ನು ಮೊದಲು ಬಿಟ್ಟು ಆಮೇಲೆ ಗ್ರೇ ಟ್ಯಾಂಕನ್ನು ಬಿಡಬೇಕು, ಸಾಬೂನಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ ಎಂಬುದನ್ನೂ ಅವರೇ ಕಲಿಸಿದರು. ಎರಡು ದಿನ ಈ ಕೆಲಸದಲ್ಲಿ ಕೈಜೋಡಿಸಿದವರ ನಡುವೆ ಉಪಚಾರದ ಮಾತಿಗೆ ಜಾಗವೇ ಉಳಿಯುವುದಿಲ್ಲ. ಮೂರನೆಯ ದಿನ ಸಂಜೆ ಆಕೆ ನೀಲಿ ಬಣ್ಣದ ತಗಡಿನ ಡಬ್ಬಿಯಲ್ಲಿ ಬಾಳೆಹಣ್ಣಿನ ಬ್ರೆಡ್ ತಂದುಕೊಟ್ಟರು. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬ ನಮ್ಮ ಮನೆಯ ಪದ್ಧತಿಯಂತೆ ಹೆಂಡತಿ ಅದರಲ್ಲಿ ಕೋಡುಬಳೆ ತುಂಬಿಸಿ ಕಳಿಸಿದಳು. ಆ ಪದ್ಧತಿಯನ್ನು ಅವರಿಗೆ ವಿವರಿಸಿದ್ದೇ ತಪ್ಪಾಯಿತು; ಮರುದಿನ ಅದೇ ಡಬ್ಬಿಯಲ್ಲಿ ಓಟ್ಸ್ ಬಿಸ್ಕತ್ತು ಬಂತು.

ಅಲ್ಲಿಂದ ಮುಂದೆ ನಾನು ಎಕ್ಸೆಲ್ ಹಾಳೆಯನ್ನು ಬದಲಿಸಿದೆ. ದಿನಕ್ಕೆ ಇನ್ನೂರು ಮೈಲಿಗಿಂತ ಹೆಚ್ಚು ಓಡಿಸುವುದಿಲ್ಲ, ಒಂದು ಕಡೆ ಹತ್ತು ದಿನಗಳಿಗಿಂತ ಕಡಿಮೆ ನಿಲ್ಲುವುದಿಲ್ಲ. ಫೆಡರಲ್ ಸರ್ಕಾರದ ಬಿಎಲ್‌ಎಮ್ ಇಲಾಖೆಯ ಬಯಲು ಜಮೀನುಗಳಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಹಣವಿಲ್ಲದೆ ತಂಗಲು ಬಿಡುತ್ತಾರೆ. ಆ ಅವಧಿಯನ್ನು ಪೂರ್ತಿ ಬಳಸಿಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಮೊದಲ ಮೂರು ದಿನ ಕೈಬೀಸುವುದರಲ್ಲಿಯೇ ಕಳೆಯುತ್ತದೆ. ಮಾತು ಆರಂಭವಾಗುವುದು ನಾಲ್ಕನೆಯ ದಿನ. ಇನ್ನೊಂದು ಬದಲಾವಣೆ ನನ್ನಲ್ಲಿ ಆಗಬೇಕಾಗಿತ್ತು. ನಾವು ಬೆಳೆದ ಮನೆಗಳಲ್ಲಿ ಕೊಡುವುದನ್ನು ಕಲಿಸಿದರು, ಕೇಳುವುದನ್ನು ಕಲಿಸಲಿಲ್ಲ. ಕೇಳಿದವನು ಚಿಕ್ಕವನಾಗುತ್ತಾನೆಂಬ ಭಾವನೆ ರಕ್ತದಲ್ಲಿದೆ. ಈಗ ಹೊಸ ಜಾಗಕ್ಕೆ ಹೋದ ದಿನವೇ ಏನನ್ನಾದರೂ ಕೇಳುತ್ತೇನೆ. ಬಂಡಿಯನ್ನು ಹಿಮ್ಮುಖವಾಗಿ ನಿಲ್ಲಿಸುವಾಗ ಹಿಂದೆ ನಿಂತು ದಾರಿ ತೋರಿಸಿ ಎಂದೋ, ಹತ್ತಿರದಲ್ಲಿ ಪ್ರೊಪೇನ್ ಎಲ್ಲಿ ಅಗ್ಗ ಎಂದೋ ಕೇಳಿದರೆ ಸಾಕು. ಬಹುಪಾಲು ಜನ ಕುರ್ಚಿಯಿಂದ ಎದ್ದೇ ಬರುತ್ತಾರೆ.

ಒಮ್ಮೆ ಕೇಳದೆಯೂ ಬಂದರು. ಆ ಬೇಸಿಗೆಯಲ್ಲಿ ನಾವು ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಬಳಿಯ ಕಾಡಿನಲ್ಲಿದ್ದೆವು. ಸುಮಾರು ಏಳು ಸಾವಿರ ಅಡಿ ಎತ್ತರದ ಆ ಜಾಗದಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದೆಂದರೆ ತಪಸ್ಸು. ಊರಿನಿಂದ ತಂದ ಕುಕ್ಕರೇ ಗತಿ. ಎರಡನೆಯ ಕೂಗಿಗೆ ಪಕ್ಕದ ಬಂಡಿಯ ನಿವೃತ್ತ ಟ್ರಕ್ ಚಾಲಕರೊಬ್ಬರು ಅಗ್ನಿಶಾಮಕ ಸಿಲಿಂಡರ್ ಹಿಡಿದು ಓಡಿಬಂದರು. ಪ್ರೊಪೇನ್ ಸೋರುತ್ತಿದೆ, ಅಲಾರಂ ಕೂಗುತ್ತಿದೆ ಎಂದು ಅವರು ತಿಳಿದಿದ್ದರು. ಮೂರನೆಯ ಕೂಗನ್ನು ನಮ್ಮ ಜೊತೆಯಲ್ಲಿಯೇ ನಿಂತು ಕೇಳಿದರು, ಸಾರು ಅನ್ನ ಉಂಡರು, ಆವಿಯ ಒತ್ತಡದ ಬಗ್ಗೆ ನಾನು ಕೊಟ್ಟ ಉಪನ್ಯಾಸವನ್ನೂ ಸಹಿಸಿಕೊಂಡರು. ಮರುದಿನದಿಂದ ಸಂಜೆ ಆರು ಗಂಟೆಗೆ ಇನ್ನೂ ಕೂಗಲಿಲ್ಲವೇಕೆ ಎಂದು ವಿಚಾರಿಸುವವರಾದರು.

ಚಳಿಗಾಲದಲ್ಲಿ ನಮ್ಮ ಠಿಕಾಣಿ ಅರಿಜೋನಾದ ಕ್ವಾರ್ಟ್‌ಸೈಟ್. ಎರಡೂವರೆ ಸಾವಿರದಷ್ಟು ಜನರ ಈ ಮರಳುಗಾಡಿನ ಊರಿನ ಸುತ್ತ ಜನವರಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಆರ್‌ವಿಗಳೇ. ಊರಿನ ದಕ್ಷಿಣಕ್ಕಿರುವ ಲಾ ಪೋಸಾ ಬಯಲಿನಲ್ಲಿ 2022-23ರಲ್ಲಿ 180 ಡಾಲರ್ ಕೊಟ್ಟರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದಾಗಿತ್ತು. ವಿದ್ಯುತ್ತಿನ ಕಂಬವಾಗಲಿ ನಲ್ಲಿಯಾಗಲಿ ಬಂಡಿಯ ಬಳಿ ಇರುವುದಿಲ್ಲ. ಸೌರಫಲಕವೇ ಆಧಾರ, ನೀರನ್ನು ಹೋಗಿ ತುಂಬಿಸಿಕೊಂಡು ಬರಬೇಕು. ಆ ಊರಿನ ಸ್ಮಶಾನದಲ್ಲಿ ಪಿರಮಿಡ್ ಆಕಾರದ ಒಂದು ಸಮಾಧಿಯಿದೆ, ತುದಿಯಲ್ಲಿ ಒಂಟೆ. ಅಮೆರಿಕದ ಸೈನ್ಯವು ಮರಳುಗಾಡಿನಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿದಾಗ ಅವುಗಳೊಂದಿಗೆ 1856ರಲ್ಲಿ ಬಂದ ಹಾಜಿ ಅಲಿ ಎಂಬಾತ 1902ರಲ್ಲಿ ಇಲ್ಲಿಯೇ ಮಣ್ಣಾದ. ಇಲ್ಲಿಯವರ ನಾಲಗೆಗೆ ಆ ಹೆಸರು ಹೊರಳದೆ ಆತ ‘ಹೈ ಜಾಲಿ’ ಆಗಿಬಿಟ್ಟ. ನನ್ನ ಐದಕ್ಷರದ ಹೆಸರು ಎರಡಕ್ಷರಕ್ಕೆ ಇಳಿದಾಗಲೆಲ್ಲ ಆತನನ್ನು ನೆನೆಯುತ್ತೇನೆ.

ಸಂಕ್ರಾಂತಿ ಬೀಳುವುದು ಸರಿಯಾಗಿ ಆ ಜನಜಂಗುಳಿಯ ನಡುವೆ. 2023ರಲ್ಲಿ ಹೆಂಡತಿ ನೂರಮೂವತ್ತು ಮೈಲಿ ದೂರದ ಫೀನಿಕ್ಸ್‌ನಿಂದ ಎಳ್ಳು, ಕೊಬ್ಬರಿ, ಹುರಿಗಡಲೆ, ಬೆಲ್ಲ ತರಿಸಿದಳು. ಬೆಲ್ಲವನ್ನೂ ಕೊಬ್ಬರಿಯನ್ನೂ ಸಣ್ಣಗೆ ಹೆಚ್ಚುವ ಕೆಲಸ ನನ್ನದಾಯಿತು. ಮರಳುಗಾಡಿನ ಬಿಸಿಲಿಗೆ ಅವು ಒಂದೇ ದಿನದಲ್ಲಿ ಒಣಗಿದ್ದನ್ನು ಕಂಡು, ಊರಿನಲ್ಲಿ ಅಮ್ಮ ಮಾಳಿಗೆಯ ಮೇಲೆ ಕಾಗೆ ಕಾಯುತ್ತ ಕುಳಿತಿರುತ್ತಿದ್ದುದು ನೆನಪಾಯಿತು. ಕಡಲೆಕಾಯಿ ಮತ್ತು ಎಳ್ಳು ಕೆಲವರ ಮೈಗೆ ಒಗ್ಗುವುದಿಲ್ಲ. ಈ ದೇಶದಲ್ಲಿ ಅದನ್ನು ಮೊದಲೇ ವಿಚಾರಿಸದೆ ಯಾರಿಗೂ ಏನನ್ನೂ ಕೊಡಬಾರದು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡಿ ಎಂಬುದನ್ನು ಇಪ್ಪತ್ತೆರಡು ಬಂಡಿಗಳ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿದೆ. ಅವುಗಳಲ್ಲಿ ಒಂದು, ಜನರೇಟರಿನ ಸದ್ದಿಗಾಗಿ ನಾನು ಹಿಂದಿನ ವಾರವಷ್ಟೇ ಜಗಳವಾಡಿದ್ದವರ ಬಂಡಿ. ಅವರು ಪೊಟ್ಟಣವನ್ನು ತೆಗೆದುಕೊಂಡು, ಇದು ಲಂಚವೋ ಎಂದು ಕೇಳಿದರು, ಹೌದೆಂದೆ. ಜನರೇಟರ್ ನಿಲ್ಲಲಿಲ್ಲ. ಆದರೆ ಅದನ್ನು ಹಚ್ಚುವ ಮೊದಲು ಬಂದು ಹೇಳಿಹೋಗುವ ಸೌಜನ್ಯ ಶುರುವಾಯಿತು. ಸಸ್ಕಾಚೆವಾನ್ ದಂಪತಿಗಳೂ ಆ ವರ್ಷ ಅಲ್ಲಿಗೆ ಬಂದಿದ್ದರು, ನೀಲಿ ಡಬ್ಬಿಯ ಸಮೇತ.

ಕನ್ನಡಿಗರ ಮನೆಗಳ ಮುಂದೆ ತಂಗಿದ್ದೂ ಉಂಟು. ಪರಿಚಯದವರ ಡ್ರೈವ್‌ವೇನಲ್ಲಿ ಬಂಡಿ ನಿಲ್ಲಿಸಿ ಅವರ ಗ್ಯಾರೇಜಿನ ಕರೆಂಟ್ ಬಳಸುವುದಕ್ಕೆ ಆರ್‌ವಿ ಜನ ‘ಮೂಚ್‌ಡಾಕಿಂಗ್’ ಎನ್ನುತ್ತಾರೆ. ಬಿಟ್ಟಿ ಬಿಡಾರ ಎಂದು ಕನ್ನಡಿಸಬಹುದು. ಬಹುತೇಕ ಬಡಾವಣೆಗಳ ಸಂಘಗಳು ಒಂದೆರಡು ರಾತ್ರಿಗಿಂತ ಹೆಚ್ಚು ಬಿಡುವುದಿಲ್ಲ. ಯಾವಾಗ ಸೆಟ್ಲ್ ಆಗುತ್ತೀರಿ ಎಂಬ ಪ್ರಶ್ನೆ ಊಟಕ್ಕೆ ಮೊದಲೇ ಬರುತ್ತದೆ. ಆದರೂ ಡಲ್ಲಾಸ್ ಬಳಿಯ ಒಂದು ಮನೆಯನ್ನು ಮರೆಯಲಾರೆ. ಮೈಸೂರಿನಿಂದ ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದ ತಾಯಿಯೊಬ್ಬರು, ಹಗಲೆಲ್ಲ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣದೆ, ನಮ್ಮ ಬಂಡಿಯ ಮೆಟ್ಟಿಲ ಮೇಲೆ ಬಂದು ಕುಳಿತರು. ಎರಡು ರಾತ್ರಿ ಸ್ಟೇಟ್ ಪಾರ್ಕಿಗೆ ನಮ್ಮೊಡನೆ ಬಂದರು. ಇಂಗ್ಲಿಷಿನ ಹತ್ತು ಪದಗಳಲ್ಲಿ ಅವರು ಅಲ್ಲಿ ಎಂಟು ಜನರನ್ನು ಪರಿಚಯ ಮಾಡಿಕೊಂಡದ್ದನ್ನು ಕಂಡು ನನ್ನ ವಿದ್ಯೆಯ ಬಗ್ಗೆ ನನಗಿದ್ದ ಗರ್ವ ಸ್ವಲ್ಪ ಇಳಿಯಿತು. ಪ್ರತಿಯೊಬ್ಬರ ಬಳಿಯೂ ಅವರು ಮೊದಲು ಕೇಳುತ್ತಿದ್ದುದು ಮಕ್ಕಳೆಷ್ಟು ಎಂದು.

ಈ ಬದುಕಿನಲ್ಲಿ ಪರಿಚಯ ಬೇಗ ಗಾಢವಾಗುತ್ತದೆ, ಅಗಲಿಕೆಯೂ ಅಷ್ಟೇ ಬೇಗ ಬರುತ್ತದೆ. ನೆರೆಯವರೆಲ್ಲ ಅರವತ್ತೈದು ದಾಟಿದವರಾದಾಗ ಕಾಯಿಲೆಯ ಸುದ್ದಿ ತಪ್ಪುವುದಿಲ್ಲ. ಸಂಚಾರಿಗಳಾಗ ಬಯಸುವವರು ವೈದ್ಯಕೀಯ ವಿಮೆಯನ್ನು ಮೊದಲು ನೋಡಿಕೊಳ್ಳಲಿ ಎಂದು ನಾನು ಹೇಳುವುದು ಇದಕ್ಕಾಗಿಯೇ: ಹಿರಿಯರಿಗೆಂದು ಇರುವ ಸರ್ಕಾರದ ಮೂಲ ಮೆಡಿಕೇರ್ ವಿಮೆ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆಯುತ್ತದೆ, ಖಾಸಗಿ ಕಂಪನಿಗಳ ಅಡ್ವಾಂಟೇಜ್ ಯೋಜನೆಗಳಲ್ಲಿ ಹಲವು ತಮ್ಮ ಪ್ರದೇಶದ ಆಸ್ಪತ್ರೆಗಳಿಗೇ ಕಟ್ಟಿಹಾಕುತ್ತವೆ. ಎರಡನೆಯ ಸಲ ಲಿವಿಂಗ್‌ಸ್ಟನ್‌ಗೆ ಹೋದಾಗ ನಾನು ನೆರಳಿನ ಕುರ್ಚಿಯ ಆ ಮುದುಕರನ್ನು ಹುಡುಕಿದೆ. ಕುರ್ಚಿಯಲ್ಲಿ ಬೇರೆಯವರಿದ್ದರು. ಅವರ ಪಕ್ಕದಲ್ಲಿ ಕುಳಿತು ಅರ್ಧ ದಿನ ಅಲಾಸ್ಕಾ ಹೆದ್ದಾರಿಯ ಕಥೆ ಕೇಳಿದೆ.

ಕಳೆದ ಚಳಿಗಾಲ ಕ್ವಾರ್ಟ್‌ಸೈಟ್‌ಗೆ ಸಸ್ಕಾಚೆವಾನ್ ದಂಪತಿಗಳು ಬರಲಿಲ್ಲ. ಪತಿಯ ಕಣ್ಣು ಮಂಜಾಗಿ ಓಡಿಸುವುದು ನಿಂತಿತೆಂದೂ ಟ್ರೇಲರನ್ನು ಮಾರಿದೆವೆಂದೂ ಆಕೆ ಫೋನಿನಲ್ಲಿ ತಿಳಿಸಿದರು. ಡಬ್ಬಿಯನ್ನು ನೀವೇ ಇಟ್ಟುಕೊಳ್ಳಿ ಎಂದೂ ಸೇರಿಸಿದರು. ಅದು ನಮ್ಮ ಕಪಾಟಿನಲ್ಲಿ ಒಂದೂವರೆ ವರ್ಷದಿಂದ ಖಾಲಿ ಕುಳಿತಿದೆ, ಮತ್ತು ಸರದಿ ನಮ್ಮದು. ಈ ತಿಂಗಳ ಕೊನೆಗೆ ನಾವು ಯೂಟಾ, ಐಡಹೋ, ಮೊಂಟಾನಾ ಹಾದು ಉತ್ತರಕ್ಕೆ ಹೊರಡುತ್ತಿದ್ದೇವೆ. ಕೋಡುಬಳೆ ಕರಿಯುವುದನ್ನು ಗಡಿ ದಾಟುವ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದೇವೆ. ಮೊದಲೇ ಮಾಡಿದರೆ ದಾರಿಯಲ್ಲಿ ಮೆತ್ತಗಾಗುತ್ತದೆ, ಇಲ್ಲವೇ ನಾನೇ ತಿಂದು ಮುಗಿಸುತ್ತೇನೆಂದು ಹೆಂಡತಿಯ ಲೆಕ್ಕ.