‘ಬ್ರೋಕ್‌ಬ್ಯಾಕ್ ಮೌಂಟನ್’ ಕುರಿತು ಕನ್ನಡದಲ್ಲಿ ಬರೆಯುವವರಿಗೆ

ಆಂಗ್ ಲೀ ನಿರ್ದೇಶನದ, 2005ರಲ್ಲಿ ತೆರೆಕಂಡ ಈ ಚಿತ್ರದ ಬಗ್ಗೆ ಬರೆಯಲು ಕುಳಿತವರು ಮೊದಲ ಸಾಲಿನಲ್ಲೇ ‘ಇದು ಸಲಿಂಗಿಗಳ ಕಥೆ’ ಎಂದುಬಿಡುವುದುಂಟು. ಆ ಸಾಲನ್ನು ಸದ್ಯಕ್ಕೆ ತಡೆಹಿಡಿಯಿರಿ. 1963ರ ಬೇಸಿಗೆಯಲ್ಲಿ ಅಮೆರಿಕದ ವಯೋಮಿಂಗ್‌ನ ಬೆಟ್ಟದಲ್ಲಿ ಕುರಿ ಕಾಯುತ್ತ ಹತ್ತಿರವಾಗುವ ಎನ್ನಿಸ್ ಮತ್ತು ಜ್ಯಾಕ್ ಇಬ್ಬರೂ ಆ ಹೆಸರನ್ನು ತಮ್ಮದಲ್ಲವೆಂದು ಬಾಯಿಬಿಟ್ಟು ಹೇಳುತ್ತಾರೆ. ಇಬ್ಬರೂ ಮದುವೆಯಾಗಿ ಮಕ್ಕಳನ್ನು ಪಡೆಯುತ್ತಾರೆ. ಆದರೂ ಮೀನು ಹಿಡಿಯುವ ನೆಪ ಹೇಳಿಕೊಂಡು ವರ್ಷಗಟ್ಟಲೆ ಬೆಟ್ಟಗಳಲ್ಲಿ ಸೇರುತ್ತಲೇ ಇರುತ್ತಾರೆ. ನಮ್ಮ ‘ಒಲವು’ ಎಂಬ ಪದದಲ್ಲಿ ಪ್ರೀತಿಯೂ ಇದೆ, ಒಂದು ಕಡೆಗೆ ವಾಲುವುದೂ ಇದೆ. ಅದನ್ನೇ ಬಳಸಿ. ಆದರೆ ಒಂದೇ ಕಡೆಗೆ ನಿಲ್ಲದ ಒಲವನ್ನು ಚಂಚಲತೆಯೆಂದು ಮಾತ್ರ ಬರೆಯಬೇಡಿ. ಎನ್ನಿಸ್‌ನಷ್ಟು ಹಟದಿಂದ ಒಬ್ಬನನ್ನೇ ಹಚ್ಚಿಕೊಂಡವರು ಸಿನಿಮಾದಲ್ಲಿ ಕಡಿಮೆ.

ಅಗಲಿಕೆಗೆ ಕಾರಣವನ್ನು ಹೇಳುವಾಗ ‘ಸಮಾಜ ಒಪ್ಪಲಿಲ್ಲ’ ಎಂದಷ್ಟೇ ಬರೆದರೆ ಸಾಲದು. ಬಾಲ್ಯದಲ್ಲಿ ತಂದೆಯೇ ಎನ್ನಿಸ್‌ನನ್ನು ಕರೆದೊಯ್ದು, ಇನ್ನೊಬ್ಬ ಗಂಡಸಿನೊಂದಿಗೆ ಬಾಳುತ್ತಿದ್ದವನ ಹೆಣವನ್ನು ತೋರಿಸಿರುತ್ತಾನೆ. ಜೊತೆಯಾಗಿ ಜಮೀನು ಮಾಡಿಕೊಂಡಿರೋಣವೆಂದು ಜ್ಯಾಕ್ ಕೇಳಿದಾಗ ಬೇಡವೆನ್ನುವುದು ಆ ಮಗುವಿನ ಭಯ.

ಹೆಚ್ಚು ಜಾಗವನ್ನು ಅಂಗಿಗಳಿಗೆ ಕೊಡಿ. ಜ್ಯಾಕ್ ಸತ್ತ ಮೇಲೆ ಅವನ ಕೋಣೆಯಲ್ಲಿ ಎನ್ನಿಸ್‌ಗೆ ಒಂದೇ ಹ್ಯಾಂಗರಿನಲ್ಲಿ ಎರಡು ಅಂಗಿಗಳು ಸಿಗುತ್ತವೆ: ಹೊರಗೆ ಜ್ಯಾಕ್‌ನದು, ಅದರ ಒಳಗೆ, ಬೆಟ್ಟದಲ್ಲೇ ಕಳೆದುಹೋಯಿತೆಂದುಕೊಂಡಿದ್ದ ತನ್ನದು. ಕೊನೆಯ ದೃಶ್ಯದಲ್ಲಿ ಅವು ಎನ್ನಿಸ್‌ನ ಮನೆಯಲ್ಲಿ ತೂಗುತ್ತಿರುವಾಗ ಕ್ರಮ ತಿರುಗಿದೆ. ಈಗ ಜ್ಯಾಕ್‌ನ ಅಂಗಿ ಒಳಗೆ, ಎನ್ನಿಸ್‌ನದು ಹೊರಗೆ. ಇದನ್ನು ಯಾರೂ ಮಾತಿನಲ್ಲಿ ಹೇಳುವುದಿಲ್ಲವಾದ್ದರಿಂದ, ಆ ಎರಡು ದೃಶ್ಯಗಳನ್ನು ಒಂದರ ಹಿಂದೊಂದು ಮತ್ತೆ ನೋಡಿಯೇ ಬರೆಯಿರಿ. ಎನ್ನಿಸ್ ಆಗ ‘ಜ್ಯಾಕ್, ಆಣೆ ಮಾಡ್ತೀನಿ’ ಎಂದು ಅಲ್ಲಿಗೇ ನಿಲ್ಲಿಸುತ್ತಾನೆ. ಆ ಮಾತನ್ನು ನೀವು ಪೂರ್ತಿಗೊಳಿಸಬೇಡಿ.

ಎನ್ನಿಸ್‌ನ ಹೆಂಡತಿ ಆಲ್ಮಾಳನ್ನು ಅಡ್ಡಿಯೆಂದು ಚಿತ್ರಿಸುವುದು ಅನ್ಯಾಯ. ಗಂಡ ಮೀನಿಗೆ ಹೊರಡುವ ಮುನ್ನ ಅವಳು ಗಾಳದ ದಾರದ ತುದಿಗೆ ಪ್ರೀತಿಯ ಚೀಟಿಯೊಂದನ್ನು ಕಟ್ಟಿದ್ದಳು. ಅವನು ಹಿಂತಿರುಗಿದ ಮೇಲೂ ಚೀಟಿ ಹಾಗೆಯೇ ಇತ್ತು. ವರ್ಷಗಳ ನಂತರ, ವಿಚ್ಛೇದನವಾಗಿ ಬೇರೊಬ್ಬನ ಮನೆಯಲ್ಲಿರುವಾಗ, ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ ನಿಂತು ಅವಳು ಅದನ್ನು ಹೇಳಿಬಿಡುತ್ತಾಳೆ. ಎದೆಯೊಡೆದವರು ಇಬ್ಬರಲ್ಲ, ಮೂವರು ಎಂದು ನಿಮ್ಮ ಓದುಗರಿಗೆ ತಿಳಿಯಬೇಕಾದರೆ ಆ ಚೀಟಿಯ ಪ್ರಸಂಗವನ್ನು ಬಿಡದೆ ಬರೆಯಿರಿ.