ಚರ್ಮ ಚೆನ್ನಾಗಿರ್ಬೇಕಂದ್ರೆ ನಮ್ಮ ಮಲೆನಾಡಿನ ಊಟದಲ್ಲಿ ಎಂತ ಬದಲಾಯಿಸ್ಬೇಕು

ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ವೆಲ್ವೆಟ್ ಬಟ್ಟೆ ತರ ದಪ್ಪ ಆಗಿದೆಯಾ? ಅದು ಕೊಳೆ ಅಲ್ಲ ಮಾರಾಯ್ರೆ. ಕಡ್ಲೆಹಿಟ್ಟು ನಿಂಬೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಚರ್ಮ ಉರಿಸ್ಕೊಳ್ತಾರೆ, ಹುಡುಗೀರಿಗಂತೂ ಮನೇಲಿ "ಸರಿಯಾಗಿ ಸ್ನಾನ ಮಾಡಲ್ಲ" ಅಂತ ಬೈಗುಳ ಬೇರೆ. ಡಾಕ್ಟ್ರ ಭಾಷೇಲಿ ಅದಕ್ಕೆ ಅಕಾಂಥೋಸಿಸ್ ನೈಗ್ರಿಕಾನ್ಸ್ ಅಂತ ಹೆಸರು. ಹೆಚ್ಚಿನವರಲ್ಲಿ ಅದರ ಅರ್ಥ ಏನಪ್ಪಾ ಅಂದ್ರೆ ರಕ್ತದ ಸಕ್ಕರೆ ಹಿಡಿತದಲ್ಲಿಡೋ ಇನ್ಸುಲಿನ್ ಹಾರ್ಮೋನು ಮೈಯಲ್ಲಿ ಇದ್ರೂ ಅದು ಸರಿಯಾಗಿ ಕೆಲಸ ಮಾಡ್ತಿಲ್ಲ, ಅದಕ್ಕೆ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಮಾಡ್ತಿದೆ, ಆ ಜಾಸ್ತಿ ಇನ್ಸುಲಿನ್ ಚರ್ಮದ ಜೀವಕೋಶಗಳನ್ನ ಬೆಳೆಸ್ತಿದೆ. ಹಂಗಾಗಿ ಮೊದಲ ಕೆಲಸ ಕ್ರೀಮ್ ತರೋದಲ್ಲ, ಖಾಲಿ ಹೊಟ್ಟೇಲಿ ಶುಗರ್ ಟೆಸ್ಟ್, ಜೊತೆಗೆ ಮೂರು ತಿಂಗಳ ಸರಾಸರಿ ತೋರ್ಸೋ ಟೆಸ್ಟ್ ಮಾಡ್ಸಿ. ತೂಕ ಇಳಿದು ಶುಗರ್ ಹಿಡಿತಕ್ಕೆ ಬಂದ್ರೆ ಕಪ್ಪು ತಾನಾಗೇ ನಿಧಾನಕ್ಕೆ ತಿಳಿಯಾಗ್ತದೆ.

ಮೊಡವೆ ಕತೆನೂ ಅಲ್ಲೇ ಹತ್ರ ಇದೆ. ಎಣ್ಣೆ ತಿಂದ್ರೆ ಮುಖದಲ್ಲಿ ಎಣ್ಣೆ ಬರ್ತದೆ ಅಂತ ಎಲ್ರೂ ಬೋಂಡಾ ಬಿಡಿಸ್ತಾರೆ, ಬೋಂಡಾ ಬಿಟ್ರೆ ಒಳ್ಳೇದೇ ಬಿಡಿ, ಆದ್ರೆ ಅಷ್ಟೊತ್ತಿಗೆ ದಿನಕ್ಕೆ ನಾಲ್ಕು ಲೋಟ ಸಕ್ಕರೆ ಚಾ, ಬೇಕರಿ ಬೆಣ್ಣೆ ಬಿಸ್ಕತ್ತು, ಬನ್ನು ಯಾರೂ ಲೆಕ್ಕಕ್ಕೇ ತಗೊಳಲ್ಲ. ರಕ್ತದಲ್ಲಿ ಸಕ್ಕರೆ ದಿಢೀರ್ ಏರೋ ಊಟ ಮಾಡ್ದಾಗ ಇನ್ಸುಲಿನ್ ಏರ್ತದೆ, ಅದರ ಹಿಂದೆ ಐಜಿಎಫ್-1 ಅನ್ನೋ ಹಾರ್ಮೋನು, ಅದು ಎಣ್ಣೆ ಗ್ರಂಥಿಗಳನ್ನ ಚುರುಕು ಮಾಡ್ತದೆ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮೊಡವೆ ಇದ್ದ 43 ಹುಡುಗರಲ್ಲಿ ಒಂದು ಗುಂಪಿಗೆ 12 ವಾರ ಇಂಥ ದಿಢೀರ್ ಸಕ್ಕರೆ ಏರಿಸೋ ಪದಾರ್ಥ ಕಮ್ಮಿ ಮಾಡಿ ಪ್ರೋಟೀನ್ ಜಾಸ್ತಿ ಕೊಟ್ರು, ಅವರ ಮೊಡವೆ ಇನ್ನೊಂದು ಗುಂಪಿಗಿಂತ ಜಾಸ್ತಿ ಇಳಿದಿತ್ತು. ಚಿಕ್ಕ ಅಧ್ಯಯನ, ಅವರ ತೂಕನೂ ಇಳಿದಿತ್ತು, ಹಂಗಾಗಿ ಇದೇ ಅಂತಿಮ ಅನ್ನಲ್ಲ, ಆದ್ರೆ ಮಾಡಿ ನೋಡೋಕೆ ಖರ್ಚೇನೂ ಇಲ್ಲ.

ಈಗ ನಮ್ಮ ಕಡೆ ಸಮಸ್ಯೆ ಎಂತ ಅಂದ್ರೆ ಬೆಳಗ್ಗೆ ಕಡುಬು ಇಲ್ಲ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ಎಲ್ಲಾ ಅಕ್ಕಿನೇ. ಅಕ್ಕಿ ಬಿಡಿ ಅಂತ ತೀರ್ಥಹಳ್ಳಿ ಸಾಗರದವರಿಗೆ ಹೇಳಿದ್ರೆ ಎದ್ದು ಹೋಗ್ತಾರೆ, ಅದು ಬೇಕಾಗೂ ಇಲ್ಲ. ಪ್ರಮಾಣ ಬದಲಾಯಿಸಿ ಸಾಕು. ಎರಡು ಕಡುಬು ಕಮ್ಮಿ ಮಾಡಿ ಜೊತೆಗೆ ಹೆಸರುಕಾಳು ಪಲ್ಯನೋ ಮೊಟ್ಟೆನೋ ಇಟ್ಕೊಳಿ. ಮಧ್ಯಾಹ್ನ ಮೊದಲು ಪಲ್ಯ, ಕೋಸಂಬರಿ ತಿಂದು ಆಮೇಲೆ ಅನ್ನ ಕಲಸಿ. ಸಾಧ್ಯ ಆದ್ರೆ ಕುಚ್ಚಲಕ್ಕಿ. ಜೋನಿ ಬೆಲ್ಲ ಆರೋಗ್ಯಕ್ಕೆ ಒಳ್ಳೇದು ಅಂತ ದೋಸೆ ಮೇಲೆ ಸುರ್ಕೊಳೋರು ಗಮನಿಸಿ, ರುಚಿ ಸ್ವರ್ಗನೇ, ಆದ್ರೆ ಇನ್ಸುಲಿನ್ ವಿಷ್ಯಕ್ಕೆ ಬಂದ್ರೆ ಬೆಲ್ಲನೂ ಸಕ್ಕರೆನೇ.

ಶಿವಮೊಗ್ಗದ ಜಿಮ್ ಹುಡುಗ್ರಿಗೆ ಒಂದು ಮಾತು. ಡಬ್ಬದ ವೇ ಪ್ರೋಟೀನ್ ಶುರು ಮಾಡಿದ್ಮೇಲೆ ಬೆನ್ನು, ಭುಜದ ತುಂಬ ಮೊಡವೆ ಎದ್ದಿದ್ರೆ ಎರಡು ಮೂರು ತಿಂಗಳು ಅದನ್ನ ನಿಲ್ಸಿ ಕಡ್ಲೆ, ಮೊಟ್ಟೆ, ಮೀನಿಗೆ ಬನ್ನಿ. ವೇ ಅಂದ್ರೆ ಹಾಲಿಂದೇ ಬರೋದು, ಹಾಲಿಗೂ ಮೊಡವೆಗೂ ಕೆಲವರಲ್ಲಿ ಸಂಬಂಧ ಇದೆ, ಎಲ್ಲರಲ್ಲೂ ಅಲ್ಲ. ನೀವು ಮೂರು ಲೋಟ ಹಾಲು ಕುಡಿಯೋರಾದ್ರೆ ಕಮ್ಮಿ ಮಾಡಿ ನೋಡಿ, ಮಜ್ಜಿಗೆಗೆ ಹೆದರ್ಬೇಡಿ.

ಚರ್ಮದ ಮೇಲ್ಪದರ ಹೊಸದಾಗೋಕೇ ಸುಮಾರು ನಾಲ್ಕು ವಾರ ಬೇಕು, ವಯಸ್ಸಾದ್ರೆ ಇನ್ನೂ ಜಾಸ್ತಿ. ಸೋಮವಾರ ಶುರು ಮಾಡಿ ಶುಕ್ರವಾರ ಕನ್ನಡಿ ನೋಡೋದು ಬಿಡಿ, ಎಂಟು ಹತ್ತು ವಾರ ಕೊಡಿ.

ಇನ್ನು ಏನು ಸೇರಿಸ್ಬೇಕು ಅನ್ನೋ ವಿಷ್ಯದಲ್ಲಿ ನಮ್ಮಷ್ಟು ಅದೃಷ್ಟವಂತರಿಲ್ಲ. ಚರ್ಮ ಬಿಗಿಯಾಗಿರೋದು ಕೊಲಾಜೆನ್ ಅನ್ನೋ ಪ್ರೋಟೀನಿಂದ, ಅದನ್ನ ದೇಹ ಕಟ್ಬೇಕಂದ್ರೆ ವಿಟಮಿನ್ ಸಿ ಬೇಕೇ ಬೇಕು. ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ, 100 ಗ್ರಾಂ ಪೇರಲೆ ಹಣ್ಣಲ್ಲೇ 200ರ ಆಸುಪಾಸು ಇರ್ತದೆ. ಹಿತ್ತಲಲ್ಲಿ ಪೇರಲೆ ಬಿದ್ದು ಕೊಳೀತಿರ್ತದೆ, ನಾವು ಅಂಗಡಿಗೆ ಹೋಗಿ ವಿಟಮಿನ್ ಸಿ ಸೀರಮ್ಮು ತರ್ತೀವಿ! ಬೆಟ್ಟದ ನೆಲ್ಲಿಕಾಯಿನೂ ಹಂಗೇ, ಆದ್ರೆ ಕುದಿಸಿದ್ರೆ ವಿಟಮಿನ್ ಸಿ ಬಹಳಷ್ಟು ಹೋಗ್ತದೆ, ಹಂಗಾಗಿ ಹಸಿಯಾಗೇ ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆ ಹಾಕಿ ತಂಬುಳಿ ಮಾಡಿ. ಹರಿವೆ, ಬಸಳೆ, ನುಗ್ಗೆ ಸೊಪ್ಪಿನ ವಿಷ್ಯ ಬೇರೆ, ಅದರಲ್ಲಿರೋ ಬೀಟಾ ಕೆರೋಟಿನ್ (ದೇಹ ಇದರಿಂದ ವಿಟಮಿನ್ ಎ ಮಾಡ್ಕೊಳ್ತದೆ) ಹೀರ್ಕೊಳೋಕೆ ಜಿಡ್ಡು ಬೇಕು, ಒಗ್ಗರಣೆಗೆ ಒಂದು ಚಮಚ ಎಣ್ಣೆನೋ ತುಪ್ಪನೋ ಹಾಕಿ, ಇಳಿಸಿದ್ಮೇಲೆ ನಿಂಬೆಹುಳಿ ಹಿಂಡಿ, ಆಗ ಸೊಪ್ಪಿನ ಕಬ್ಬಿಣ ಚೆನ್ನಾಗಿ ಸೇರ್ತದೆ. ಊಟ ಆದ ತಕ್ಷಣ ಚಾ ಕುಡಿದ್ರೆ ಮಾತ್ರ ಆ ಲಾಭ ಅರ್ಧ ಕಳ್ಕೊಂಡ ಹಂಗೇ, ಒಂದು ಗಂಟೆ ತಡೀರಿ.

ಚಕ್ರಮುನಿ ಸೊಪ್ಪಿನ ಬಗ್ಗೆ ಎಚ್ಚರಿಕೆ ಹೇಳ್ಲೇಬೇಕು. ತಂಬುಳಿಗೆ, ಪಲ್ಯಕ್ಕೆ ನಾವು ಬಳಸೋ ಅಷ್ಟು ಏನೂ ತೊಂದ್ರೆ ಇಲ್ಲ. ಆದ್ರೆ "ಮಲ್ಟಿವಿಟಮಿನ್ ಗಿಡ" ಅಂತ ಹಸಿ ಸೊಪ್ಪನ್ನ ಜ್ಯೂಸ್ ಮಾಡಿ ದಿನಾ ಲೋಟಗಟ್ಲೆ ಕುಡಿಯೋಕೆ ಹೋಗ್ಬೇಡಿ, 1990ರ ದಶಕದಲ್ಲಿ ತೈವಾನಲ್ಲಿ ತೂಕ ಇಳಿಸೋಕೆ ಅಂತ ಹಂಗೆ ಕುಡಿದವರಲ್ಲಿ ಹಲವರಿಗೆ ಶ್ವಾಸಕೋಶ ಸರಿಯಾಗದ ಹಾಗೆ ಹಾಳಾಯ್ತು.

ಆಮೇಲೆ ನಂಜು. ಮೈ ಕೆರೆತ ಬಂದ್ರೆ, ಗಾಯ ಆದ್ರೆ ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು ಅಂತ ಅಜ್ಜಿಯಂದಿರ ಪಟ್ಟಿ ಶುರು. ನಿಜವಾದ ಅಲರ್ಜಿ ಇದ್ರೆ ತಿಂದು ಕೆಲವು ನಿಮಿಷದಿಂದ ಎರಡು ಗಂಟೆ ಒಳಗೆ ಪಿತ್ತದ ಗಂಧೆ ಏಳ್ತದೆ, ಪ್ರತಿ ಸಲ ಅದೇ ಪದಾರ್ಥಕ್ಕೆ ಏಳ್ತದೆ. ಹಂಗೆ ಆಗ್ತಿದ್ರೆ ಬರೆದಿಟ್ಕೊಂಡು ಆ ಪದಾರ್ಥ ತಿನ್ನೋದು ಬಿಡಿ. ಉಸಿರಾಟ ಕಷ್ಟ ಆದ್ರೆ ಕಾಯ್ಬೇಡಿ, ಆಸ್ಪತ್ರೆಗೆ ಓಡಿ. ಏನೂ ಆಗದೆ ಇದ್ರೂ ಎಲ್ಲಾ ಬಿಡ್ಸಿ ಬರೀ ಗಂಜಿ ಕೊಟ್ರೆ ಗಾಯ ಮಾಯೋದು ತಡ ಆಗ್ತದೆ, ಚರ್ಮ ಕಟ್ಟೋಕೆ ಪ್ರೋಟೀನ್ ಬೇಕಲ್ವಾ. ಮಕ್ಕಳಿಗಂತೂ ಡಾಕ್ಟ್ರನ್ನ ಕೇಳದೆ ಹಾಲು ಮೊಟ್ಟೆ ನಿಲ್ಲಿಸ್ಬೇಡಿ. ಮೀನು ಹಾಲು ಒಟ್ಟಿಗೆ ತಿಂದ್ರೆ ತೊನ್ನು ಬರ್ತದೆ ಅನ್ನೋದೂ ಸುಳ್ಳು. ತೊನ್ನಲ್ಲಿ ದೇಹದ ರಕ್ಷಣಾ ವ್ಯವಸ್ಥೆನೇ ಬಣ್ಣ ಕೊಡೋ ಕೋಶಗಳ ಮೇಲೆ ಬೀಳ್ತದೆ. ಘಟ್ಟ ಹತ್ತಿ ಬರೋ ಭೂತಾಯಿ, ಬಂಗುಡೆಯಲ್ಲಿ ಒಮೆಗಾ-3 ಅನ್ನೋ ಒಳ್ಳೆ ಕೊಬ್ಬು ಚೆನ್ನಾಗಿದೆ, ವಾರಕ್ಕೆರಡು ಸಲ ತಿನ್ನಿ, ಹುರಿಯೋದಕ್ಕಿಂತ ಸಾರು ಒಳ್ಳೇದು.

ಮೀನು ಮಾಂಸ ತಿನ್ನದೇ ಇರೋರು ವಿಟಮಿನ್ ಬಿ12 ಕಡೆ ಗಮನ ಕೊಡಿ. ಬೆರಳ ಗೆಣ್ಣುಗಳು ಕಪ್ಪಾಗೋದು, ನಾಲಿಗೆ ಕೆಂಪಗೆ ನುಣ್ಣಗಾಗೋದು, ಕೈಕಾಲು ಜೋಮು ಹಿಡಿಯೋದು ಇದ್ರೆ ರಕ್ತ ಪರೀಕ್ಷೆ ಮಾಡ್ಸಿ. ಎಷ್ಟೇ ಸೊಪ್ಪು ತಿಂದ್ರೂ ಬಿ12 ಸಿಗಲ್ಲ, ಹಾಲು ಮೊಸರಲ್ಲಿ ಸ್ವಲ್ಪ ಸಿಗ್ತದೆ, ಕೊರತೆ ಜಾಸ್ತಿ ಇದ್ರೆ ಮಾತ್ರೆ ಇಲ್ಲ ಇಂಜೆಕ್ಷನ್ನೇ.

ನೀರು ಕುಡಿದ್ರೆ ಮುಖ ಹೊಳೀತದೆ ಅನ್ನೋದು ಅತಿ ಮಾತು, ಬಾಯಾರಿಕೆಗೆ ತಕ್ಕಷ್ಟು ಕುಡೀರಿ. ಡಿಸೆಂಬರ್ ಚಳೀಲಿ ಕಾಲು ಬಿರಿದ್ರೆ ಸ್ನಾನ ಆದ ಕೂಡ್ಲೆ ಒದ್ದೆ ಮೈಗೇ ಕೊಬ್ಬರಿ ಎಣ್ಣೆ ಹಚ್ಚಿ, ಹಂಡೆ ನೀರು ಮೈ ಸುಡೋ ಅಷ್ಟು ಬಿಸಿ ಬೇಡ.

ಊಟದಿಂದ ಸರಿ ಹೋಗದೇ ಇರೋದೂ ಇದೆ. ಕೆನ್ನೆ ಮೇಲಿನ ಬಂಗಿಗೆ ಮುಖ್ಯ ಕಾರಣ ಬಿಸಿಲು ಮತ್ತೆ ಹಾರ್ಮೋನು. ಮಳೆಗಾಲದಲ್ಲಿ ತೋಟದ ಕೆಲಸ ಮಾಡಿ ಒದ್ದೆ ಬಟ್ಟೇಲಿ, ಗಂಬೂಟಲ್ಲಿ ದಿನವಿಡೀ ಇದ್ದು ತೊಡೆಸಂದಿ, ಕಾಲ್ಬೆರಳ ಸಂದಿ ಕೆರೆತ ಬಂದ್ರೆ ಅದು ಫಂಗಸ್ಸು, ಬದನೆಕಾಯಿ ಬಿಟ್ಟು ಪ್ರಯೋಜನ ಇಲ್ಲ. ಮೆಡಿಕಲ್ ಶಾಪಲ್ಲಿ ಕೇಳಿ ತರೋ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದ್ರೆ ನಾಲ್ಕು ದಿನ ಆರಾಮ್ ಅನ್ಸಿ ಆಮೇಲೆ ಹುಳುಕಡ್ಡಿ ಎರಡು ಪಟ್ಟು ಹರಡ್ತದೆ, ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂತ ಇದ್ರೆ ಹಚ್ಚದೆ ಚರ್ಮದ ಡಾಕ್ಟ್ರಿಗೆ ತೋರ್ಸಿ, ಮನೇಲಿ ಬೇರೆಯವರಿಗೂ ಕೆರೆತ ಇದ್ರೆ ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಒಬ್ಬರಿಂದ ಒಬ್ಬರಿಗೆ ಮತ್ತೆ ಬರ್ತನೇ ಇರ್ತದೆ.