ಗೇಟಿನ ತೊಟ್ಟಿಲು ಹಿಂದಿನ ಓಣಿಗೆ ಹೋದ ಮೇಲೆ

ಸಾಕಲಾಗದ ಕೂಸನ್ನು ಎಲ್ಲೋ ಎಸೆಯದೆ ಇಲ್ಲಿ ಬಿಟ್ಟು ಹೋಗಲಿ ಅಂತ ನಮ್ಮ ದತ್ತು ಕೇಂದ್ರದಲ್ಲಿ ಒಂದು ತೊಟ್ಟಿಲು ಇಟ್ಟಿದ್ದೆವು. ಮೊದಲ ಹದಿನಾಲ್ಕು ತಿಂಗಳು ಅದಕ್ಕೆ ಒಂದು ಕೂಸೂ ಬರಲಿಲ್ಲ. ಅದೇ ಹೊತ್ತಿಗೆ ಕಬ್ಬಿನ ಗದ್ದೆ, ಕಾಲುವೆ ದಂಡೆ, ಬಸ್ ಸ್ಟ್ಯಾಂಡಿನ ಶೌಚಾಲಯ ಅಂತ ಐದಾರು ಹಸುಗೂಸು ಸಿಕ್ಕವು. ಎರಡು ಉಳಿಯಲಿಲ್ಲ. ಒಂದರ ಕಿವಿ ತುಂಬ ಇರುವೆ. ಒದ್ದೆ ಹತ್ತಿಯಿಂದ ಒರೆಸಿದವಳು ನಾನೇ.

ತೊಟ್ಟಿಲು ಇದ್ದದ್ದು ಮುಂದಿನ ಗೇಟಿನಲ್ಲಿ. ಮೇಲೆ ಟ್ಯೂಬ್‌ಲೈಟ್, ಪಕ್ಕದಲ್ಲಿ ವಾಚ್‌ಮನ್, ಎದುರಿಗೆ ಕ್ಯಾಮೆರಾ. ಯಾವ ತಾಯಿ ಬರುತ್ತಾಳೆ ಹೇಳಿ? ಹಿಂದಿನ ಓಣಿಗೆ ಸಾಗಿಸೋಣ ಅಂದೆ. "ಮೇಡಂ, ಕ್ಯಾಮೆರಾ ತೆಗೆದು ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಅಂದರು ಒಬ್ಬರು. ಹೀಗೆ ಮಾಡಿದರೆ ಮಕ್ಕಳನ್ನು ಬಿಡೋರು ಜಾಸ್ತಿ ಆಗ್ತಾರೆ ಅಂತ ಇನ್ನೊಬ್ಬರು. ಕೊನೆಗೆ ಸಾಗಿಸಿದೆವು, ದುಡ್ಡು ಮಾತ್ರ ಯಾರೂ ಕೊಡಲಿಲ್ಲ. ನನ್ನ ಕೈಯಿಂದ ಸುಮಾರು ಹನ್ನೊಂದು ಸಾವಿರ ಹೋಯಿತು. ಅದರಲ್ಲಿ ಮೂರೂವರೆ ಸಾವಿರ ನೀರಿನಲ್ಲಿ ಹೋಮ: ಮೊದಲು ಹಾಕಿಸಿದ ಸೆನ್ಸರ್ ಬೆಕ್ಕು ಸುಳಿದರೂ ಗಂಟೆ ಹೊಡೆಯುತ್ತಿತ್ತು.

ಆಮೇಲೆ ಹಾಸಿಗೆ ಕೆಳಗೆ ತೂಕದ ಸೆನ್ಸರ್ ಕೂರಿಸಿದೆವು. ಎರಡು ಕೆಜಿ ರಾಗಿ ಹಿಟ್ಟು ಇಟ್ಟು ನೋಡಿ ಖುಷಿಪಟ್ಟೆವು. ತಿಂಗಳು ತುಂಬದ ಕೂಸು ಅಷ್ಟು ತೂಗುವುದಿಲ್ಲ ಅಂತ ರಾತ್ರಿ ಹೊಳೆಯಿತು. ಒಂದು ಕೆಜಿಗೆ ಇಳಿಸಿದೆವು. ಅದಕ್ಕಿಂತ ದೊಡ್ಡ ತಪ್ಪು ಗಂಟೆಯದ್ದು. ಇಟ್ಟ ತಕ್ಷಣ ಬಾರಿಸುತ್ತಿತ್ತು. ಒಂದು ಬೆಳಗಿನ ಜಾವ ಸಿಸ್ಟರ್ ಓಡಿ ಹೋದರೆ ತೊಟ್ಟಿಲು ಖಾಲಿ. ಹಳೇ ಟವೆಲ್ ಒಂದು ಬಿದ್ದಿತ್ತು, ಇನ್ನೂ ಬೆಚ್ಚಗಿತ್ತು. ತಾಯಿ ಗಂಟೆಗೆ ಬೆದರಿ ಕೂಸನ್ನು ಎತ್ತಿಕೊಂಡು ಓಡಿದ್ದಳು. ಆ ಕೂಸು ಏನಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಗಂಟೆ ತಡವಾಗಿ, ಒಳಗಿನ ಕೋಣೆಯಲ್ಲಿ ಮಾತ್ರ ಬಾರಿಸುತ್ತದೆ. ಎಷ್ಟು ತಡ ಅಂತ ಇಲ್ಲಿ ಬರೆಯುವುದಿಲ್ಲ.

ತಮಿಳುನಾಡಿನ ಸೇಲಂನಲ್ಲಿ 1992ರಲ್ಲಿ ತೊಟ್ಟಿಲು ಇಟ್ಟದ್ದು ಹೆಣ್ಣುಕೂಸುಗಳ ಕೊಲೆ ತಡೆಯೋಕೆ. ನಮ್ಮಲ್ಲಿಗೆ ಬರುವವರಲ್ಲಿ ಮದುವೆಯಾಗದ ಹುಡುಗಿಯರೇ ಜಾಸ್ತಿ, ಗಂಡು ಕೂಸೂ ಬರುತ್ತದೆ. ಅವರಿಗೆ ಬೇಕಾದದ್ದು ಬೇರೆ ಮಾತು: 2015ರ ಬಾಲನ್ಯಾಯ ಕಾಯ್ದೆಯ 35ನೇ ಕಲಂ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕೂತು ಕೂಸನ್ನು ಒಪ್ಪಿಸಬಹುದು, ಮನಸ್ಸು ಬದಲಾದರೆ 60 ದಿನದೊಳಗೆ ವಾಪಸ್ ಕೇಳಬಹುದು. ಇದನ್ನೇ ಕರಪತ್ರ ಮಾಡಿ ಎರಡು ಸಾವಿರ ಹಂಚಿದೆ. ಒಬ್ಬರೂ ಬರಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಹೆರಿಗೆ ವಾರ್ಡಿನ ಆಯಾಗಳು. ಹೊಟ್ಟೆ ಮುಚ್ಚಿಕೊಂಡು ಒಬ್ಬಳೇ ಬಂದ ಹುಡುಗಿಯನ್ನು ಅವರು ದೂರದಿಂದಲೇ ಗುರುತಿಸುತ್ತಾರೆ. ಅವಳ ಹತ್ತಿರ ಮೊದಲು ಏನು ಕೇಳಬೇಕು ಅಂತ ಅವರಿಗೆ ಕಲಿಸಿದ್ದೇನೆ. ಅದನ್ನೂ ಇಲ್ಲಿ ಹೇಳಲ್ಲ, ಬಂದು ಕೇಳಿದವರಿಗೆ ಹೇಳುತ್ತೇನೆ.

ಮೂರು ವರ್ಷದಲ್ಲಿ ತೊಟ್ಟಿಲಿಗೆ ಒಂಬತ್ತು ಕೂಸು ಬಂದವು, ಸಮಿತಿ ಮುಂದೆ ಒಪ್ಪಿಸಿದವರು ಹದಿನಾಲ್ಕೋ ಹದಿನೈದೋ. ಹೋದ ವರ್ಷ ಹೊಲದಲ್ಲಿ ಸಿಕ್ಕದ್ದು ಒಂದೇ. ಬೇಡ ಅಂದವರೇ ಈಗ ಬಂದು ನೋಡಿ ಹೋಗುತ್ತಾರೆ.

ಆದರೂ ತೊಟ್ಟಿಲಿಗಿಂತ ನನಗೆ ಸಮಿತಿಯ ದಾರಿಯೇ ಇಷ್ಟ. ತೊಟ್ಟಿಲಲ್ಲಿ ಬಿಟ್ಟ ತಾಯಿಗೆ ತಾನೇ ತಾಯಿ ಅನ್ನೋಕೆ ಕೈಯಲ್ಲಿ ಒಂದು ಚೀಟಿಯೂ ಇರಲ್ಲ. ಸಹಿ ಹಾಕಿ ಹೋದವಳೊಬ್ಬಳು ಐವತ್ತನೇ ದಿನದ ಆಚೀಚೆ ತನ್ನ ಅಕ್ಕನನ್ನು ಕರೆದುಕೊಂಡು ಬಂದಳು. ಮೂರು ದಿನ ಓಡಾಡಿದೆವು. ಕೂಸು ಆಗ ನಾಲ್ಕು ಕೆಜಿ ಮೇಲಿತ್ತು. ಎತ್ತಿಕೊಂಡವಳು ಬಸ್ ಬರುವವರೆಗೂ ಕೆಳಗಿಳಿಸಲಿಲ್ಲ.